ಸೆಲೆದನ ಹೆಸರು

೧೪ ನವೆಂಬರ್ ೧೯೮೬, ಶುಕ್ರವಾರ. ಯಾನ್ಬು, ಸೌದಿ ಅರೇಬಿಯಾ.

ಪ್ಲಾಸಿಡನ ಮೇಲಿನ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಆಲ್ಬಿನಾ ಮಲಗಿದ್ದಾಳೆ.

ನಾವು ಮಂಗಳೂರಿನ ಏಳೆಂಟು ಜನ ಪ್ರತಿ ಶುಕ್ರವಾರ ಅವನ ಕೋಣೆಯಲ್ಲಿ ಪರದೆ ಎಳೆದು, ದನಿ ತಗ್ಗಿಸಿ ಬೈಬಲ್ ಓದುತ್ತೇವೆ. ಒಂದು ಸಾಲನ್ನೂ ಬಿಡಬಾರದೆಂಬ ನಿಯಮ ಅವನದೇ. ಈಗ ವಂಶಾವಳಿ ನಡೆದಿದೆ. ಇಂಥವನಿಗೆ ಇಂಥವನು ಹುಟ್ಟಿದ, ಅವನಿಗೆ ಇನ್ನೊಬ್ಬ. ನನಗಂತೂ ಅದು ಬೇಡವೇ ಬೇಡ. ಪ್ಲಾಂಟಿನಲ್ಲಿ ಸೌದಿ ಫೋರ್‌ಮನ್ ಎಲ್ಲರನ್ನೂ ಅವರವರ ಹಿರಿಮಗನ ಹೆಸರು ಹಿಡಿದು 'ಅಬು', ಅಂದರೆ ಇಂಥವನ ಅಪ್ಪ, ಎಂದು ಕರೆಯುತ್ತಾನೆ. ಮದುವೆಯಾಗಿ ಹನ್ನೊಂದು ವರ್ಷ ಕಳೆದ ನನಗೆ ಮಾತ್ರ ಬರೀ ಹೆಸರು.

ಇವತ್ತು ಪ್ಲಾಸಿಡ್ ಒಂದು ಕಡೆ ತಡವರಿಸಿ ಮುಂದೆ ಹೋದ. ತನ್ನ ಪುಸ್ತಕದಲ್ಲಿ ಬೆರಳಿಟ್ಟು ನೋಡುತ್ತಿದ್ದ ನನ್ನ ಹೆಂಡತಿ ತಲೆಯೆತ್ತಿದಳು.

"ಒಬ್ಬನನ್ನು ಬಿಟ್ಟಿರಿ ಮಾರಾಯ್ರೆ."

"ಅದು ಬೇಡ ಆಲ್ಬಿನಾ, ಎಂತಕ್ಕೆ ಸುಮ್ಮನೆ..."

ಅವಳೇ ಓದಿದಳು. ನಾದಾಬನ ಇಬ್ಬರು ಮಕ್ಕಳಲ್ಲಿ ಸೆಲೆದ ಎಂಬವನು ಮಕ್ಕಳಿಲ್ಲದೆ ಸತ್ತ. ಯಾರೂ ನಮ್ಮ ಮುಖ ನೋಡಲಿಲ್ಲ.

"ಬರೆದವರೇ ಅವನನ್ನು ಬಿಡಲಿಲ್ಲ. ಮತ್ತೆ ನೀವು ಎಂತಕ್ಕೆ ಬಿಡುವುದು?"

ಪಾಪ, ಪ್ಲಾಸಿಡ್ ನಮಗೆ ನೋವಾಗಬಾರದೆಂದೇ ಹಾರಿಸಿದ್ದು. ಆದರೆ ಹೀಗೆ ಕನಿಕರದಿಂದಲೇ ಎಷ್ಟು ಜನ ನಮ್ಮನ್ನು ಹಾರಿಸಿಲ್ಲ! ಊರಿನಲ್ಲಿ ಮಕ್ಕಳ ಜ್ಞಾನಸ್ನಾನಕ್ಕೂ ನಮಗೆ ಕರೆಯಿಲ್ಲ. ಸಾವಿರಾರು ವರ್ಷದ ಆ ಪಟ್ಟಿಯಲ್ಲಿ ಮಾತ್ರ ಸೆಲೆದ ತನ್ನ ಜಾಗದಲ್ಲೇ ಇದ್ದಾನೆ.

ಈಗ ಅವಳ ಪುಸ್ತಕ ತೆರೆದು ನೋಡಿದೆ. ಅವನ ಹೆಸರಿನ ಕೆಳಗೊಂದು ಪೆನ್ಸಿಲ್ ಗೆರೆಯಿದೆ. ಇವತ್ತಿನದಲ್ಲ, ಮಾಸಿಹೋಗಿದೆ. ಎಷ್ಟು ವರ್ಷದ ಹಿಂದೆ ಇವಳು ಒಬ್ಬಳೇ ಕೂತು ಈ ಗೆರೆ ಎಳೆದಳೋ.