ನಿನ್ನ ಮಗ್ಗದಲ್ಲಿ ಉಳಿದ ಎಳೆ

ಅವ್ವಾ,

ಅಕ್ಷರ ಸೊಟ್ಟಗಿವೆ, ಕಾಗುಣಿತವೂ ತಪ್ಪಿರಬಹುದು. ಐದನೆಯ ಇಯತ್ತೆಗೆ ಸಾಲೆ ಬಿಟ್ಟವಳೆಂದು ಹೊಟ್ಟೆಗೆ ಹಾಕಿಕೋ. ಜಮಖಂಡಿಯ ದವಾಖಾನೆಗೆ ಹೊರಟಾಗ, ಹೊಳೆ ದಾಟಬೇಕಾದವಳ ಕತೆಯನ್ನು ಬಂದು ಮುಗಿಸುತ್ತೇನೆಂದು ಅರ್ಧಕ್ಕೆ ಬಿಟ್ಟೆ; ನೀನು ತಿರುಗಿ ಬರಲಿಲ್ಲ. ಅದನ್ನು ನಾನೇ ಬರೆದು ಮುಗಿಸಲು ಕೂತರೆ ಕೈ ಓಡುತ್ತಿಲ್ಲ. ಒಂದು ಸಾಲು ಬರೆದು ಗೀಚಿಹಾಕುತ್ತೇನೆ, ಎದ್ದು ಬಾಗಿಲವರೆಗೆ ಹೋಗುತ್ತೇನೆ, ಮತ್ತೆ ಬಂದು ಕೂರುತ್ತೇನೆ.

ಇಂದು ಬೆಳಿಗ್ಗೆ ನಿನ್ನ ಮಗ್ಗಕ್ಕೆ ಹೊಸ ಹಾಸು, ಉದ್ದದ ಎಳೆಗಳನ್ನು, ಏರಿಸಬೇಕಿತ್ತು. ನೀನು ನೇಯ್ದು ಉಳಿಸಿದ ಹಳೆಯ ಎಳೆಗಳನ್ನು ಕತ್ತರಿಸಲು ಹೋದೆ. ಚಿಗವ್ವ ಕೈ ಹಿಡಿದಳು.

“ಹುಚ್ಚಿ ಅದಿಯೇನ? ಅವನ್ನ ಕತ್ತರಿಸಿದ್ರ ಹೊಸಾ ಎಳಿ ಎದಕ್ಕ ಕೂಡಸ್ತಿ, ನಿನ್ನ ಜಡಿಗೇನು?”

ಇಬ್ಬರೂ ಕೂತು ಎಳೆಗೆ ಎಳೆ ಹೊಸೆದು ಕೂಡಿಸಿದೆವು. ಆಮೇಲೆ ನಾನು ಒಳಗೆ ಹೋಗಿ, ಕತೆಯಲ್ಲಿ ನೀನು ಕೊನೆಗೆ ಹೇಳಿದ ಮಾತನ್ನು ಹಾಗೆಯೇ ಬರೆದೆ: ‘ಆಕಿ ಹೊಳಿ ದಂಡಿಗೆ ಬಂದು ನಿಂತ್ಲು.’

ಅದರ ಮುಂದೆ ನನ್ನದೊಂದು ಸಾಲು ಸೇರಿಸಿದೆ: ‘ನೀರು ತಣ್ಣಗಿತ್ತು, ಆದರೂ ಕಾಲಿಟ್ಟಳು.’