ಶ್ರುತಿ ಹಿಡಿದ ಕಾರು

ಮನೆಯಿಂದ,
ಗುರುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಕಲ್ಲು ಕ್ವಾರಿಯ ಧೂಳಿಗೆ ನಿನ್ನ ಕೆಮ್ಮು ಮತ್ತೆ ಶುರುವಾಗಿಲ್ಲ ತಾನೇ? ಅತ್ತಿಗೆಯ ಬೆನ್ನುನೋವು ಕಡಿಮೆಯಾಯಿತೇ? ಎಷ್ಟು ತೂಗಿದರೂ ಅಳು ನಿಲ್ಲಿಸದ ಪುಟ್ಟಿ ಕಾರಿನಲ್ಲಿ ಒಂದು ಸುತ್ತು ಹಾಕಿಸಿದರೆ ತೆಪ್ಪಗೆ ನಿದ್ದೆ ಹೋಗುತ್ತಾಳಂತಲ್ಲ. ಹೋದ ತಿಂಗಳು ಪೇಟೆಗೆ ಬಂದಿದ್ದಾಗ ಅತ್ತಿಗೆ ಫೋನು ಮಾಡಿ, "ನಿಮ್ಮಣ್ಣನ ಕಾರು ಜೋಗುಳ ಹಾಡುತ್ತೆ ಕಣೇ" ಎಂದು ನಕ್ಕಿದ್ದರು. ನೀನಿರುವಲ್ಲಿ ಫೋನು ಸಿಗದು, ಅದಕ್ಕೇ ಈ ಕಾಗದ. ಸಂಜೆ ನಿಮ್ಮ ಕ್ವಾರಿಗೆ ಹೊರಡುವ ಡೀಸೆಲ್ ಲಾರಿಯ ಡ್ರೈವರ್ ಕೈಗೆ ಕೊಡುತ್ತೇನೆ. ಅಕ್ಷರ ಸೊಟ್ಟಪಟ್ಟ ಆಗಿದ್ದರೆ ಬೈಯಬೇಡ, ಲಾರಿ ಹೊರಡುವ ಮುಂಚೆ ಮುಗಿಸಬೇಕು.

ನೀನು ಹೊರಡುವ ಮುಂಚೆ ನಮ್ಮ ಕಾರಿನ ಮುಂದಿನ ಬಲಚಕ್ರಕ್ಕೆ ಹೊಸ ಬೇರಿಂಗ್ ಹಾಕಿಕೊಟ್ಟೆಯಲ್ಲ, ಅದಾದ ಸ್ವಲ್ಪ ದಿನಕ್ಕೆ ಚಕ್ರದಿಂದ ಗುಂಯ್ ಎನ್ನುವ ಸದ್ದು ಶುರುವಾಯಿತು. ಬೇರೆ ಮನೆಯವರಾಗಿದ್ದರೆ ಹೆದರುತ್ತಿದ್ದರು. ನಮ್ಮದು ಸಂಗೀತ ಮೇಷ್ಟ್ರ ಮನೆ ನೋಡು! ಅಪ್ಪ ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತಾ, "ಎಂಥಾ ಶುದ್ಧ ಶ್ರುತಿ ಕಣೇ, ಹಾಡು" ಎಂದರು. ಹಾಡಿದೆವು. ವೇಗ ಹೆಚ್ಚಿದಂತೆ ಶ್ರುತಿ ಏರುತ್ತಿತ್ತು. ಅಪ್ಪನ ಕಂಠಕ್ಕೆ ಅರವತ್ತು ಸಾಕು, ನನಗೆ ಎಂಬತ್ತು ಬೇಕು. ನಮ್ಮಿಬ್ಬರ ಜಗಳದಲ್ಲಿ ಹಿಂದಿನ ಸೀಟಿನ ಅಮ್ಮ, "ಇಬ್ರೂ ಬಾಯಿ ಮುಚ್ಕೊಂಡು ನಲವತ್ತರಲ್ಲಿ ಹೋಗ್ರೋ" ಎನ್ನುತ್ತಿದ್ದಳು. ಚಕ್ರ ಯಾಕೆ ಹಾಡುತ್ತಿದೆ ಎಂದು ಒಬ್ಬರಾದರೂ ಕೇಳಬೇಡವೇ? ನೀನು ಕೈಯಿಟ್ಟ ಕೆಲಸ, ಅದರಲ್ಲಿ ತಪ್ಪು ಎಲ್ಲಿಂದ ಬರಬೇಕು ಎಂದೇ ನಮ್ಮ ಧೈರ್ಯ.

ಇವತ್ತು ಬೆಳಿಗ್ಗೆ ಎಡಕ್ಕೆ ತಿರುಗುವಾಗ ಶ್ರುತಿ ಒಡೆಯಿತು. ಅಪ್ಪನಿಗೆ ಕೆಂಡದಂಥ ಕೋಪ. ಹೆದರಿಕೆಯಿಂದಲ್ಲ, ಹಾಡು ಕೆಟ್ಟಿತಲ್ಲ ಎಂದು! ನನ್ನಿಂದ ಕಾರು ಓಡಿಸಿಕೊಂಡು ಸೀದಾ ಗ್ಯಾರೇಜ್ ಮಾವನ ಹತ್ತಿರ ಹೋದರು. "ಎಡಕ್ಕೆ ತಿರುಗಿದ್ರೆ ಗದರುತ್ತೆ, ಬಲಕ್ಕೆ ತಿರುಗಿದ್ರೆ ಸುಮ್ಮನಾಗುತ್ತೆ. ಸ್ವಲ್ಪ ಶ್ರುತಿ ಮಾಡಿಕೊಡಿ" ಎಂದು ಗಂಭೀರವಾಗಿ ಹೇಳಿದರು. ಮಾವ ಮೊದಲು ಟೈರಿನ ಮೇಲೆ ಅನುಮಾನಪಟ್ಟು ಹಿಂದಿನ ಚಕ್ರಗಳನ್ನು ಮುಂದಕ್ಕೆ, ಮುಂದಿನವನ್ನು ಹಿಂದಕ್ಕೆ ಹಾಕಿ ಒಂದು ಸುತ್ತು ಓಡಿಸಿ ಬಂದ. ಸದ್ದು ಇದ್ದಲ್ಲೇ ಇತ್ತು. ಎಡಕ್ಕೆ ತಿರುಗಿದಾಗ ಭಾರವೆಲ್ಲ ಬಲಚಕ್ರದ ಮೇಲೆ ಬೀಳುತ್ತೆ ಎನ್ನುತ್ತಾ ಜ್ಯಾಕ್ ಕೊಟ್ಟು ಆ ಕಡೆ ಎತ್ತಿದ. ಒಂದು ಕೈ ಸ್ಪ್ರಿಂಗ್ ಮೇಲಿಟ್ಟು ಇನ್ನೊಂದು ಕೈಯಿಂದ ಚಕ್ರ ತಿರುಗಿಸಿದ. ನನ್ನ ಕೈಯನ್ನೂ ಅಲ್ಲಿಡಿಸಿದ. ಒಳಗೆ ಮರಳು ಅರೆದಂತೆ ಗರಗರ. ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಇಡೀ ಚಕ್ರ ಆಡುವ ಹಲ್ಲಿನಂತೆ ಅಲ್ಲಾಡಿತು, ಅಣ್ಣಾ! ಬೇರಿಂಗ್ ಬಿಚ್ಚಿದಾಗ ಒಳಗಿನ ಒಡೆದ ಗುಂಡುಗಳು ಟಣಟಣ ಎಂದು ನೆಲಕ್ಕೆ ಉದುರಿದವು. "ಇನ್ನೊಂದು ತಿರುವು ಇದ್ದಿದ್ರೆ ಚಕ್ರ ನಿಮಗಿಂತ ಮುಂದೆ ಮನೆ ಸೇರ್ತಿತ್ತು" ಎಂದ ಮಾವ. ಮೊನ್ನೆಯಷ್ಟೇ ಅಪ್ಪ ಅಮ್ಮ ಇಬ್ಬರನ್ನೂ ಕೂರಿಸಿಕೊಂಡು ಎಂಬತ್ತರಲ್ಲಿ ಹಾಡುತ್ತಾ ಹೋಗಿದ್ದೆ.

"ಇದನ್ನ ಹಾಕಿದ್ದು ಯಾರು?" ಎಂದು ಮಾವ ಕೇಳಿದಾಗ ಅಪ್ಪ ಎದೆಯುಬ್ಬಿಸಿ "ನನ್ನ ಮಗ" ಎಂದುಬಿಟ್ಟರು. ಬೇರಿಂಗನ್ನು ಪ್ರೆಸ್ಸಿನಲ್ಲಿ ಒತ್ತಿ ಕೂರಿಸಬೇಕಂತೆ, ನೀನು ಸುತ್ತಿಗೆಯಿಂದ ಬಡಿದು ಕೂರಿಸಿದ್ದೀಯಂತೆ. ಏಟಿಗೆ ಒಳಗೆ ಗುಳಿ ಬಿದ್ದು ಮೊದಲು ಗುಂಯ್ಗುಡುತ್ತದೆ, ಆಮೇಲೆ ಅರೆಯುತ್ತದೆ, ಕೊನೆಗೆ ಕೈಕೊಡುತ್ತದೆ. ಅಪ್ಪ ಮನೆಗೆ ಬಂದವರೇ ಕುರ್ಚಿಯಲ್ಲಿ ಕೂತಿದ್ದಾರೆ, ನಾನು ಕೊಟ್ಟ ಚಹಾ ಆರಿದರೂ ಮುಟ್ಟಿಲ್ಲ. ನನಗೆ ನಿನ್ನ ಮೇಲೆ ಸಿಟ್ಟಿದೆ, ಸುಳ್ಳೇಕೆ ಹೇಳಲಿ. ಆದರೆ ನೀನು ಪ್ರೀತಿಯಿಂದಲೇ ಮಾಡಿದ್ದು ಎಂದು ಗೊತ್ತು. ಕೊರಗಬೇಡ. ನಾವೆಲ್ಲ ಚೆನ್ನಾಗಿದ್ದೇವೆ.

ಅಪ್ಪ ಅಮ್ಮನ ಆಶೀರ್ವಾದ ನಿಮ್ಮ ಮೂವರಿಗೂ. ಅತ್ತಿಗೆಗೆ ನನ್ನ ನಮಸ್ಕಾರ, ಪುಟ್ಟಿಯ ಎರಡೂ ಕೆನ್ನೆಗೆ ಮುತ್ತು.

ನಿನ್ನ ತರಲೆ ತಂಗಿ

ಮತ್ತೊಂದು ವಿಷಯ: ಕಾಗದ ಮಡಿಚುತ್ತಿದ್ದೆ. ಅಮ್ಮ ಅಡುಗೆಮನೆಯಿಂದ ಓಡಿಬಂದು, "ಅವತ್ತು ನೀನು ಏಳೋ ಮುಂಚೆ ನಿಮ್ಮಣ್ಣ ತನ್ನ ಕಾರಿಗೂ ಹೀಗೇ ಬೇರಿಂಗ್ ಬಡೀತಿದ್ನಲ್ಲೇ!" ಎಂದಳು. ಅಣ್ಣಾ, ಆ ಜೋಗುಳ! ಅದು ಜೋಗುಳ ಅಲ್ಲ ಅಣ್ಣಾ. ಪುಟ್ಟಿಯನ್ನು ಕಾರಿನಲ್ಲಿ ಕೂರಿಸಬೇಡ, ನೀನೂ ಹತ್ತಬೇಡ. ಅವಳು ಅತ್ತರೆ ಎತ್ತಿಕೊಂಡು ನೀನೇ ಹಾಡು, ನಿನ್ನ ಗೊಗ್ಗರು ದನಿಯೇ ಸಾಕು. ಈ ಕಾಗದ ಕೊಟ್ಟು ನಿನ್ನ ಕಾರಿನ ಕೀಲಿ ಇಸಿದುಕೊಳ್ಳದೆ ಬರಕೂಡದು ಎಂದು ಡ್ರೈವರಿಗೆ ಹೇಳಿ ಕಳಿಸುತ್ತಿದ್ದೇನೆ. ಅವರು ನಿನ್ನ ಮುಂದೆಯೇ ನಿಂತಿರುತ್ತಾರೆ. ಕೊಟ್ಟುಬಿಡು.