ಅಬ್ಬಾ ಅಂದರೆ ಎಲ್ಲಿ ನೋವು

ನವೆಂಬರ್ ೯, ಭಾನುವಾರ

ಪ್ರೀತಿಯ ಅಕ್ಕನಿಗೆ ಸಲಾಂ.

ನಿನ್ನ ಕಾಗದ ಬಂದು ತಿಂಗಳಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಕಣ್ಣು ಎಳೆಯುತ್ತಿತ್ತು, ಬೈಯಬೇಡ. ನಾವು ಮೂವರೂ ಆರೋಗ್ಯವಾಗಿದ್ದೇವೆ. ಈ ಪರದೇಶದಲ್ಲಿ ಚಳಿ ಶುರುವಾಗಿದೆ, ಹಳೆಯ ಕೋಟುಗಳೆಲ್ಲ ಅಂಗಡಿಗೆ ಬರುತ್ತಿವೆ. ಲೈನಿಂಗ್ ಬಿಚ್ಚುವುದು, ಹೊಲಿಯುವುದು, ಇಷ್ಟೇ ಕೆಲಸ.

ನಾನು ಕಾಲೇ ಇಡದ ಯಾವುದೋ ದೇಶದಲ್ಲಿ ಮತ್ತೆ ಯುದ್ಧ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮಾಲೀಕ ಕೆಟ್ಟವನಲ್ಲ, ಆದರೂ ನನ್ನ ಮೆಷಿನ್ನನ್ನು ಕಿಟಕಿ ಪಕ್ಕದಿಂದ ತೆಗೆಸಿ ಹಿಂದಿನ ಕೋಣೆಗೆ ಹಾಕಿಸಿದ. ನಿನ್ನ ಗಡ್ಡ ಕಂಡರೆ ಗಿರಾಕಿಗಳು ಬರುವುದಿಲ್ಲ ಎನ್ನಲು ಬಾಯಿ ಬರದೆ, ಅಲ್ಲಿ ಬೆಚ್ಚಗಿರುತ್ತದೆ ಎಂದ. ಎಷ್ಟೋ ವರ್ಷದಿಂದ ನನ್ನ ಹತ್ತಿರವೇ ಹೊಲಿಸುವ ಟೀಚರಮ್ಮ, ಕೋಟಿನ ಅಂಚಿಗೆ ನಾನು ಗುರುತು ಹಾಕುವಾಗ ಕೇಳಿದರು: "ನಿಮ್ಮವರು ಯಾಕೆ ಹೀಗೆ ಮಾಡ್ತಾರೆ?" ನನ್ನವರು ಅಂದರೆ ನೀನು, ಹೆಂಡತಿ, ಮಗಳು. ನೀನೇನು ಮಾಡಿದೆ ಅಕ್ಕ? ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡಿದ್ದೆ, ಒಂದೊಂದನ್ನೇ ತೆಗೆದು ಅಂಚಿಗೆ ಚುಚ್ಚುತ್ತಾ ಹೋದೆ.

ಮಗಳು ಈಗಲೂ ಅಬ್ಬಾ ಅಂತಾಳಾ, ಇಲ್ಲಾ ನೀನೂ ಡ್ಯಾಡಿ ಆದೆಯಾ ಎಂದು ನೀನು ಕಾಗದದಲ್ಲಿ ಕೇಳಿದ್ದೆ. ಮನೆಯಲ್ಲಿ ಅಬ್ಬಾನೇ. ಊರಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿ ನೆನಪಿದ್ದಾರಾ? ನಾವು ಅಬ್ಬಾ ಎಂದು ಕೂಗಿದಾಗಲೆಲ್ಲ, "ಏನಾಯ್ತೋ, ಎಲ್ಲಿ ನೋವು?" ಎಂದು ಓಡಿ ಬರುತ್ತಿದ್ದರು. ಈ ಕಥೆ ಹೇಳಿದರೆ ಮಗಳು ಬಿದ್ದು ಬಿದ್ದು ನಗುತ್ತಾಳೆ. ಹೊಸಿಲು ದಾಟಿದ ಮೇಲೆ ಮಾತ್ರ ಮೂವರ ದನಿಯೂ ಇಳಿಯುತ್ತದೆ. ಸಾಕಾಗಿದೆ ಅಕ್ಕ. ಸಿಟ್ಟೂ ಬರುವುದಿಲ್ಲ, ಬರೀ ಸುಸ್ತು.

ಭಾವನಿಗೆ ಸಲಾಂ ತಿಳಿಸು. ನಿನ್ನ ಮಂಡಿನೋವು ಬೇಗ ವಾಸಿಯಾಗಲಿ, ಅಲ್ಲಾಹ್ ನಿನ್ನನ್ನು ಚೆನ್ನಾಗಿಟ್ಟಿರಲಿ. ದುಆ ಮಾಡುವಾಗ ನಮ್ಮನ್ನೂ ನೆನೆ.

ನಿನ್ನ ತಮ್ಮ,
ಪುಟ್ಟ

ಮರೆತಿಲ್ಲ, ಬರೆಯಬಾರದು ಅಂದುಕೊಂಡಿದ್ದೆ: ಮೊನ್ನೆ ಮಗಳೂ ನಾನೂ ರೈಲಿನಲ್ಲಿ ಬರುತ್ತಿದ್ದೆವು. ಜನ ಜಾಸ್ತಿ, ಬೇರೆ ಬೇರೆ ಕಡೆ ಕೂತಿದ್ದೆವು. ಇಳಿಯುವಾಗ ಊಟದ ಚೀಲ ಸೀಟಿನ ಕೆಳಗೆ ಮರೆತೆ. ನನ್ನನ್ನೂ ಚೀಲವನ್ನೂ ನೋಡಿ ಎದುರಿಗಿದ್ದವರು ಗಾಬರಿಯಿಂದ ಎದ್ದು ನಿಂತರು. ಮಗಳು ಚೀಲ ಎತ್ತಿಕೊಂಡು ನನ್ನ ಹಿಂದೆಯೇ ಓಡಿ ಬಂದಳು. ಕರೆಯಲು ಬಾಯಿ ತೆರೆದವಳು ಸುತ್ತ ನೋಡಿದಳು. ಆಮೇಲೆ ಇಲ್ಲಿಯ ಭಾಷೆಯಲ್ಲಿ, "ಸರ್, ನಿಮ್ಮ ಚೀಲ" ಅಂದಳು.

ನಾನೂ ಥ್ಯಾಂಕ್ಸ್ ಅಂದೆ. ಹೆತ್ತ ಮಗಳಿಗೆ. ದಾರಿಯುದ್ದಕ್ಕೂ ಯಾರೋ ಎಂಬಂತೆ ಅವಳ ಹಿಂದೆ ನಡೆದೆ.

ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ, "ಅಬ್ಬಾ" ಅಂದಳು. ಏನಾಯ್ತು, ಎಲ್ಲಿ ನೋವು ಎಂದು ಕೇಳಲು ನನ್ನಿಂದ ಆಗಲಿಲ್ಲ.